ಷಡ್ಡಕನ ವಾಚು

ನಮ್ಮ ದೊಡ್ಡ ಭಾವ ಷಡಕ್ಷರಿಯವರಿಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ. ಅವರೆದುರಿಗೇ ಎಷ್ಟೋ ಸಲ ಹೇಳಿದ್ದೇನೆ, ಅವರೂ ಒಪ್ಪಿಕೊಂಡಿದ್ದಾರೆ. ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಬಿಪಿ ಇರುತ್ತದೆ, ಭಾವನಿಗೆ ಇದಿದೆ. ಎದುರುಮನೆಯವರು ಗೇಟಿಗೆ ಬಣ್ಣ ಹೊಡೆಸಿದರೆ ಇವರಿಗೆ ರಾತ್ರಿಯ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಹಾಗಂತ ಯಾರಿಗೂ ಕೇಡು ಬಗೆದವರಲ್ಲ. ತಮ್ಮಷ್ಟಕ್ಕೆ ತಾವು ಉರಿದುಕೊಂಡು, ನಮ್ಮಕ್ಕನ ಕೈಲಿ ಬೈಸಿಕೊಂಡು, ಮಾರನೆಯ ಬೆಳಿಗ್ಗೆ ಹೋಗಿ ಅಂಗಡಿ ಬಾಗಿಲು ತೆಗೆಯುತ್ತಾರೆ.

ಅಂಗಡಿ ಇರುವುದು ತುಮಕೂರಿನ ಬಟವಾಡಿಯಲ್ಲಿ. ಒಂದು ಕ್ಲಿನಿಕ್ಕಿಗೂ ಒಂದು ಬೇಕರಿಗೂ ನಡುವೆ, ಒಬ್ಬರು ಕೂತರೆ ಬಂದವರು ನಿಂತೇ ಮಾತಾಡಬೇಕಾದಷ್ಟು ಜಾಗ. ವಾಚ್ ರಿಪೇರಿ ಬಿಟ್ಟು ಬೇರೆ ಏನೂ ಮಾಡುವುದಿಲ್ಲ. ಬೇರೆ ವಾಚ್ ಅಂಗಡಿಯವರೆಲ್ಲ ಕ್ಯಾಲ್ಕುಲೇಟರ್, ಟಾರ್ಚು ಅಂತ ಮಾರಿಕೊಂಡು ದುಡ್ಡು ಮಾಡಿದಾಗಲೂ ಭಾವ ಮೂಗು ಮುರಿದರೇ ಹೊರತು ಒಂದು ಸೆಲ್ಲು ಸಹ ತಂದಿಡಲಿಲ್ಲ. ಊರಿನ ವಾಚ್ ಕಾರ್ಖಾನೆಗೆ ಅವರೂ ಒಂದು ಕಾಲದಲ್ಲಿ ಅರ್ಜಿ ಹಾಕಿದ್ದರು, ಕೆಲಸ ಸಿಗಲಿಲ್ಲ. ಆಮೇಲೆ ಕಾರ್ಖಾನೆಯ ಬಸ್ಸು ಅಂಗಡಿ ಮುಂದೆ ಹಾದಾಗಲೆಲ್ಲ ತಲೆ ಬಗ್ಗಿಸಿ ಕಣ್ಣಿಗೆ ಲೆನ್ಸ್ ಏರಿಸಿಕೊಳ್ಳುತ್ತಿದ್ದರು. ಕೈಯಲ್ಲಿ ವಾಚು ಇಲ್ಲದಿದ್ದಾಗಲೂ ಏರಿಸಿಕೊಳ್ಳುತ್ತಿದ್ದರು, ನಾನೇ ನೋಡಿದ್ದೇನೆ.

ನಮ್ಮ ಕಡೆ ಮದುವೆಯಲ್ಲಿ ಅಳಿಯನಿಗೆ ವರೋಪಚಾರ ಅಂತ ಬಟ್ಟೆ, ಉಂಗುರ, ವಾಚು ಕೊಡುವುದು ವಾಡಿಕೆ. ತೊಂಬತ್ತೆರಡರಲ್ಲಿ ನಮ್ಮಕ್ಕ ಉಮಾಮಹೇಶ್ವರಿಯನ್ನು ಇವರಿಗೆ ಕೊಡುವುದು ಅಂತ ಗೊತ್ತಾದಾಗ ನಮ್ಮಪ್ಪ ವೀರಭದ್ರಯ್ಯ, "ಯಾವ ವಾಚ್ ತರ್ಲಿ ಅಳಿಯಂದ್ರೆ?" ಅಂತ ಕೇಳಿದರು. ಭಾವ ನೆಲ ನೋಡಿಕೊಂಡು, "ಎಚ್ಎಂಟಿ ಸಾಕು ಮಾವ, ದುಂದು ಯಾಕೆ" ಅಂದರು. ಇನ್ನೊಂದು ಸಲ ಕೇಳಲಿ, ಬಲವಂತ ಮಾಡಲಿ ಅಂತ ಅವರ ಮನಸ್ಸಿನಲ್ಲಿತ್ತು. ನಮ್ಮಪ್ಪ ಗುಬ್ಬಿಯಲ್ಲಿ ಕಬ್ಬಿಣದ ಅಂಗಡಿ ಇಟ್ಟವರು. ಗಿರಾಕಿ ಬಾಯಲ್ಲಿ ಏನು ಬಂತೋ ಅದನ್ನೇ ತೂಗಿ ಕೊಟ್ಟು ಅಭ್ಯಾಸ. ಎಚ್ಎಂಟಿಯನ್ನೇ ತಂದುಕೊಟ್ಟರು. ಅದು ಒಳ್ಳೆಯ ವಾಚೇ, ಭಾವನೂ ಅದನ್ನು ಒಂದು ದಿನ ಬಿಡದೆ ಕಟ್ಟಿದರು, ಆದರೆ ಬಲವಂತ ಮಾಡಲಿಲ್ಲವಲ್ಲ ಎನ್ನುವ ಕೊರಗು ಉಳಿದೇಬಿಟ್ಟಿತು.

ಆ ಕೊರಗಿಗೆ ತುಪ್ಪ ಸುರಿದದ್ದು ಎರಡು ಸಾವಿರದ ಇಸವಿಯಲ್ಲಿ, ನನ್ನ ತಂಗಿ ಭೂಮಿಕಾಳ ಮದುವೆ. ಹುಡುಗ ಬಸವರಾಜ್, ಕುಣಿಗಲ್‌ನಲ್ಲಿ ಪಂಪ್‌ಸೆಟ್ ಡೀಲರ್. ಅವನೇನೂ ಕೇಳಿರಲಿಲ್ಲ. ಹಿರೇಹಳ್ಳಿಯ ಒಂದು ಕಾರ್ಖಾನೆಗೆ ನಮ್ಮಂಗಡಿಯಿಂದ ಕಬ್ಬಿಣ ಹೋಗುತ್ತಿತ್ತು. ಅಲ್ಲಿನ ಮ್ಯಾನೇಜರು ಉತ್ತರದ ಕಡೆಯವರು, ಕೆಲಸ ಬಿಟ್ಟು ಊರಿಗೆ ಹೊರಟಿದ್ದರು. ಹೋಗುವಾಗ ತಮ್ಮ ಹಳೆಯ ರೋಲೆಕ್ಸ್ ವಾಚನ್ನು ಮಾರುವ ಮಾತಾಡಿದರು. ಅಪ್ಪನಿಗೆ ಅದೇನು ಹುಚ್ಚು ಹಿಡಿಯಿತೋ, ಚಿಕ್ಕಳಿಯನಿಗೆ ಇದೇ ಆಗಬೇಕು ಅಂತ ಕೂತರು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ವಾಚನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ನನ್ನನ್ನೂ ಕರೆದುಕೊಂಡು, ನೇರ ಬಟವಾಡಿಗೆ ಬಂದರು.

"ಅಸಲಿಯೋ ನಕಲಿಯೋ ನೋಡ್ಬುಡಿ ಅಳಿಯಂದ್ರೆ. ನಿಮ್ ಬಾಯಿಂದ ಬಂದ್ರೆ ನಂಗೆ ಧೈರ್ಯ" ಅಂದರು.

"ಯಾರ್ಗೆ ಮಾವ ಇದು?"

"ಬಸವರಾಜ್‌ಗೆ."

ಭಾವ ಲೆನ್ಸ್ ಏರಿಸಿಕೊಂಡರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ದೇವರೇ, ಇದು ನಕಲಿ ಆಗಿರಲಿ ಅಂತ ಆ ಮುಖ ಬೇಡಿಕೊಳ್ಳುತ್ತಿತ್ತು. ರಬ್ಬರ್ ಚೆಂಡನ್ನು ಹಿಂಬದಿಗೆ ಒತ್ತಿ, ತಿರುಗಿಸಿ, ಮುಚ್ಚಳ ಬಿಚ್ಚಿದರು. ಒಳಗೆ ನೋಡಿದವರು ಬಹಳ ಹೊತ್ತು ತಲೆ ಎತ್ತಲಿಲ್ಲ. ಸುಳ್ಳು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಅಪ್ಪ ವಾಚನ್ನು ವಾಪಸ್ ಕೊಟ್ಟು ಬರುತ್ತಿದ್ದರು. ಆದರೆ ವಾಚಿನ ವಿಷಯದಲ್ಲಿ ಸುಳ್ಳು ಹೇಳುವ ಬಾಯಿ ಅದಲ್ಲ.

"ಅಸಲಿ ಮಾವ. ತುಂಬ ಚೆನ್ನಾಗೈತೆ" ಅಂದರು. ಆ ನಾಲ್ಕು ಮಾತಿಗೆ ಅವರಿಗೆ ಎಷ್ಟು ಸಂಕಟವಾಯಿತೆಂದರೆ, ಬೇಕರಿಯಿಂದ ತರಿಸಿದ ಟೀಯನ್ನು ಕುಡಿಯುವುದನ್ನೇ ಮರೆತರು.

ಟೈಮು, ತಾರೀಖು ಸರಿಮಾಡಿ ಕೊಟ್ಟರು. ಆದರೆ ಹೇಳಬೇಕಾಗಿದ್ದ ಒಂದು ಮಾತನ್ನು ಹೇಳಲಿಲ್ಲ. ಆ ವಾಚಿನ ಪಕ್ಕದಲ್ಲಿ ನಾವು ಕೀ ಕೊಡುವ ಗುಂಡಿ ಇರುತ್ತದಲ್ಲ, ಕ್ರೌನ್ ಅನ್ನುತ್ತಾರೆ ಭಾವ, ಅದು ನಮ್ಮ ವಾಚುಗಳ ಹಾಗಲ್ಲ. ನೀರು ಒಳಗೆ ಹೋಗಬಾರದು ಅಂತ ಅದನ್ನು ಬಾಟಲಿ ಮುಚ್ಚಳದ ಹಾಗೆ ತಿರುಚಿ ಬಿಗಿ ಮಾಡಿರುತ್ತಾರೆ. ಮೊದಲು ಹಿಂದಕ್ಕೆ ತಿರುಗಿಸಿ ಬಿಚ್ಚಿಕೊಳ್ಳಬೇಕು, ಆಮೇಲೆ ಕೀ ಕೊಡಬೇಕು, ಮತ್ತೆ ಒತ್ತಿ ಬಿಗಿ ಮಾಡಬೇಕು. ಭಾವ ಇದನ್ನು ಅಪ್ಪನಿಗೂ ಹೇಳಲಿಲ್ಲ, ಬಸವರಾಜ್‌ಗೂ ಹೇಳಲಿಲ್ಲ. ಕ್ರೌನನ್ನು ಬಿಚ್ಚಿದ ಹಾಗೇ ಕೊಟ್ಟುಬಿಟ್ಟರು. ಬೇಕಂತಲೇ ಮಾಡಿದಿರಾ ಅಂತ ನಾನು ಆಮೇಲೆ ಕೇಳಿದ್ದಕ್ಕೆ, "ಅಷ್ಟ್ ದೊಡ್ಡ್ ವಾಚ್ ಕಟ್ಟೋರ್ಗೆ ಗೊತ್ತಿರಲ್ವೇನೋ" ಅಂದರು.

ಇನ್ನು ನಮ್ಮ ಮನೆಯ ಪದ್ಧತಿ ಹೇಳಬೇಕು. ನಮ್ಮಪ್ಪ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದರೆ, ಅವರ ವಾಚಿಗೆ ಕೀ ಕೊಟ್ಟು ಕೈಗೆ ಕೊಡುವುದು ಭೂಮಿಕಾಳ ಕೆಲಸವಾಗಿತ್ತು. ಚಿಕ್ಕಂದಿನಿಂದ ಅದೊಂದು ಅವಳ ಹಕ್ಕು, ನಮ್ಮನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಪೂಜೆಯ ತಟ್ಟೆಯಿಂದ ವಿಭೂತಿ ಹಚ್ಚಿಕೊಂಡು, ಅದೇ ಬೆರಳಲ್ಲಿ ವಾಚಿಗೂ ಒಂದು ಬೊಟ್ಟು ಇಟ್ಟು, ಕೀ ಕೊಡುತ್ತಿದ್ದಳು. ಕುಣಿಗಲ್‌ಗೆ ಹೋದಮೇಲೆ ಅದನ್ನೇ ಗಂಡನ ವಾಚಿಗೆ ಮಾಡಿದಳು. ಅದು ಕೈಯ ಅಲುಗಾಟಕ್ಕೇ ನಡೆಯುವ ವಾಚು, ಕೀ ಬೇಕಾಗಿಯೇ ಇರಲಿಲ್ಲ ಅಂತ ಅವಳಿಗೆ ಯಾರು ಹೇಳಬೇಕು? ಮೊದಲ ದಿನ ಕ್ರೌನ್ ಒತ್ತಿ ತಿರುಗಿಸಿದಾಗ ಅದು ಕಚ್ಚಿಕೊಂಡಿತು. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ, ಕೀ ಕೊಡುತ್ತಿದ್ದೇನೆ ಅಂದುಕೊಂಡು, ಅದನ್ನು ಇನ್ನಿಷ್ಟು ಇನ್ನಿಷ್ಟು ಬಿಗಿ ಮಾಡುತ್ತಾ ಹೋದಳು. ವರ್ಷಗಟ್ಟಲೆ ಭಕ್ತಿಯಿಂದ ಮಾಡಿದಳು. ತಾರೀಖು ತಪ್ಪಿದರೂ, ಟೈಮು ಸ್ವಲ್ಪ ಹಿಂದೆ ಮುಂದೆ ಆದರೂ ಬಸವರಾಜ್ ಅದರ ಗೊಡವೆಗೆ ಹೋದವನಲ್ಲ.

ಬಸವರಾಜ್ ಬೈಕಿನಿಂದ ಬಿದ್ದು ಕೈ ಮುರಿದುಕೊಂಡಾಗ ಇದು ಬಯಲಾಯಿತು. ಕೈಗೆ ಪಟ್ಟಿ ಹಾಕಿಸಿಕೊಂಡಿದ್ದ ದಿನಗಳಲ್ಲಿ ವಾಚು ಬೀರುವಿನಲ್ಲಿ ನಿಂತುಹೋಗಿತ್ತು. ಕೈ ಸರಿಯಾಗಿ ಮತ್ತೆ ಕಟ್ಟಿಕೊಂಡರೆ ವಾಚು ನಡೆಯಿತು, ಆದರೆ ಟೈಮು ಎಲ್ಲಿಯೋ ಇತ್ತು, ಸರಿ ಮಾಡೋಣ ಅಂದರೆ ಕ್ರೌನ್ ಅಲ್ಲಾಡಲಿಲ್ಲ. ಅವನಿಗೆ ಅದೇನು ಅಷ್ಟು ದೊಡ್ಡ ವಿಷಯವಲ್ಲ, ಹಾಗೇ ಕಟ್ಟಿಕೊಂಡು ಓಡಾಡಿದ. ಅವನ ಮಗಳ ಹುಟ್ಟುಹಬ್ಬಕ್ಕೆ ಕುಣಿಗಲ್‌ಗೆ ಹೋದಾಗ ಭಾವ ಇದನ್ನು ಪತ್ತೆ ಮಾಡಿದರು. ಊಟದ ಪಂಕ್ತಿಯಲ್ಲಿ ಕೂತು, "ಟೈಮೆಷ್ಟು ಬಸವರಾಜ್ ಅವ್ರೆ?" ಅಂತ ಕೇಳಿದರು. ಬಸವರಾಜ್ ಗೋಡೆ ಗಡಿಯಾರ ನೋಡಿ ಹೇಳಿದ. ಪಾಯಸ ಬರುವಷ್ಟರಲ್ಲಿ ಭಾವ ಅದನ್ನೇ ಮತ್ತೆ ಕೇಳಿದರು. ಎಲೆಯಿಂದ ಏಳುವಾಗ ಮತ್ತೆ ಕೇಳಿದರು. ಅವತ್ತಿನಷ್ಟು ಖುಷಿಯಾಗಿ ಭಾವ ಯಾವ ಮನೆಯಲ್ಲೂ ಉಂಡದ್ದು ನನಗೆ ನೆನಪಿಲ್ಲ. ನಮ್ಮಕ್ಕ ಬಸ್ಸಿನಲ್ಲಿ ತುಮಕೂರಿನ ತನಕ ಅವರ ಜೊತೆ ಮಾತಾಡಲಿಲ್ಲ.

ಅದಾದ ಮೇಲೆ ಬಸವರಾಜ್ ಬಟವಾಡಿಗೆ ಬಂದ.

"ಅಣ್ಣ, ಇದೊಂಚೂರು ನೋಡಿ. ಕೀ ಜಾಮ್ ಆಗ್ಬುಟ್ಟೈತೆ. ನಿಮ್ಗಿಂತ ಇನ್ಯಾರ್ ಗೊತ್ತು ನಂಗೆ?" ಅಂತ ವಾಚು ಬಿಚ್ಚಿ ಮೇಜಿನ ಮೇಲಿಟ್ಟ.

"ಬಿಟ್ಟೋಗಿ. ನೋಡ್ತೀನಿ" ಅಂದರು ಭಾವ. ಟೀ ಕೂಡ ಹೇಳಲಿಲ್ಲವಂತೆ.

ಲೆನ್ಸಿನಲ್ಲಿ ನೋಡಿದರೆ ಕ್ರೌನಿನ ಸುತ್ತ, ಅದು ಕೇಸಿಗೆ ಸೇರುವ ಸಂದಿಯಲ್ಲಿ, ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ತುಕ್ಕಲ್ಲ, ಕೊಳೆಯಲ್ಲ. ಸೂಜಿಯಲ್ಲಿ ಕೆರೆದು ಬೆರಳ ಮೇಲೆ ಹಾಕಿಕೊಂಡು ಉಜ್ಜಿದರು. ವಿಭೂತಿ. ಬೆವರಿಗೆ ನೆನೆದು, ಒಣಗಿ, ಗಾರೆಯಾಗಿತ್ತು. ಯಾರ ಮನೆ ವಿಭೂತಿ, ಯಾರ ಬೆರಳು ಅಂತ ಅವರಿಗೆ ಆ ಕ್ಷಣವೇ ಹೊಳೆಯಿತು. ಅಲ್ಲಿ ಅವರಿಗೆ ನಗು ಬರಬೇಕಿತ್ತು. ಬರಲಿಲ್ಲ. ಉಮಾ ಯಾವತ್ತಾದರೂ ನನ್ನ ವಾಚಿಗೆ ಹೀಗೆ ಬೊಟ್ಟಿಟ್ಟು ಕೀ ಕೊಟ್ಟಿದ್ದಾಳಾ ಅಂತ ಯೋಚನೆ ಬಂತಂತೆ. ಹೊಟ್ಟೆಕಿಚ್ಚಿಗೆ ಹೊಸದಾಗಿ ಒಂದು ಕೊಳ್ಳಿ ಸಿಕ್ಕಿತು.

ಆದರೂ ಕೆಲಸಕ್ಕೆ ಕೈ ಹಾಕಿದರು. ಇಕ್ಕಳ ಹಿಡಿದು ಜೋರಾಗಿ ತಿರುಗಿಸಿದ್ದರೆ ಕ್ರೌನು ಕೂತಿರುವ ಕೊಳವೆಯೇ ಮುರಿದು ಬರುತ್ತಿತ್ತು. ಹಾಗೆ ಮುರಿಯುವುದು ಬಹಳ ಸುಲಭವಿತ್ತು, ಯಾರೂ ಕೇಳುತ್ತಲೂ ಇರಲಿಲ್ಲ. ಭಾವ ಮೃದು ಬ್ರಷ್ಷಿನಲ್ಲಿ ಆ ಬಿಳಿಯನ್ನೆಲ್ಲ ಉಜ್ಜಿ ತೆಗೆದರು. ಸಂದಿಗೆ ಸೂಜಿಯ ತುದಿಯಿಂದ ಎಣ್ಣೆ ಇಳಿಸಿದರು. ವಾಚನ್ನು ಓರೆಯಾಗಿ ನಿಲ್ಲಿಸಿ, ಮೇಜಿನ ಬಲ್ಬಿನ ಕಾವು ತಾಗುವ ಹಾಗೆ ಇಟ್ಟು, ಬೇರೆ ಕೆಲಸ ನೋಡಿದರು. ಮಾರನೆಯ ದಿನವೂ ಅದೇ. ಕೊನೆಗೆ ಸೈಕಲ್ ಟ್ಯೂಬಿನ ತುಂಡೊಂದನ್ನು ಕ್ರೌನಿಗೆ ಸುತ್ತಿ, ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಹಿಂದಕ್ಕೆ ತಿರುಗಿಸಿದರು. ಬಿಟ್ಟಿತು. ಒಂದು ಸಣ್ಣ ಗೀರೂ ಬೀಳದೆ ಬಿಟ್ಟಿತು.

ಇದನ್ನೆಲ್ಲ ನನಗೆ ಹೇಳಿದ್ದು ಅವರೇ, ಅದೂ ನಾನು ಕಳ್ಳನನ್ನು ಹಿಡಿದ ಹಾಗೆ ಹಿಡಿದಿದ್ದರಿಂದ. ಮಂಡಿಪೇಟೆಗೆ ಅಂಗಡಿಯ ಸಾಮಾನಿಗೆ ಬಂದವನು ಮಧ್ಯಾಹ್ನ ಸುಮ್ಮನೆ ಬಟವಾಡಿಗೆ ಹೋದೆ. ಭಾವ ಎಡಗೈಯನ್ನು ಮೇಜಿನ ಬೆಳಕಿಗೆ ಹಿಡಿದು ಹಾಗೂ ಹೀಗೂ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಕೈಯಲ್ಲಿ ರೋಲೆಕ್ಸ್. ಟೈಮು ಸರಿಯಾಗಿತ್ತು, ತಾರೀಖೂ ಸರಿಯಾಗಿತ್ತು.

"ಬಿಡ್ತಾ ಭಾವ?" ಅಂದೆ.

ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡರು. ಆಮೇಲೆ ಹೇಗೂ ನೋಡಿಬಿಟ್ಟಿದ್ದಾನೆ ಅಂದುಕೊಂಡು ಎಲ್ಲಾ ಹೇಳಿದರು. ಹೇಳುವಾಗ ಅವರ ಮುಖ ನೋಡಬೇಕಿತ್ತು. ಅಂಥ ಕೆಲಸ ಮಾಡಿ ಒಂದು ನರಪಿಳ್ಳೆಗೂ ಹೇಳದೆ ಅದೆಷ್ಟು ಒದ್ದಾಡಿದ್ದರೋ.

"ಯಾರ್ಗೂ ಹೇಳ್ಬ್ಯಾಡ ಕಣೋ. ಇನ್ನೂ ಬಿಟ್ಟಿಲ್ಲ ಅಂತ ಬಸವರಾಜ್‌ಗೆ ಹೇಳಿವ್ನಿ."

"ಎಷ್ಟ್ ದಿನ ಹಿಂಗೆ?"

"ಕಟ್ಕೊಂಡಷ್ಟ್ ದಿನ."

ಅವರು ಆ ವಾಚನ್ನು ಕಟ್ಟಿಕೊಂಡು ಊರ್ಡಿಗೆರೆಗೆ ಹೋಗಿ ಬಂದಿದ್ದರು, ತಮ್ಮ ಗುರುತಿನವರು ಯಾರೂ ಇಲ್ಲದ ಒಂದು ಮದುವೆಗೆ. ಅಲ್ಲಿ ಯಾರೋ ಒಬ್ಬರು ಕೈ ನೋಡಿ, ಫಾರಿನ್ ಮಾಲಾ ಸ್ವಾಮಿ, ಅಂತ ಕೇಳಿದ್ದನ್ನು ನನಗೆ ಎರಡು ಸಲ ಹೇಳಿದರು. ಮನೆಗೆ ಹೋಗುವಾಗ ಬಿಚ್ಚಿ ಜೇಬಿಗೆ ಹಾಕಿಕೊಂಡು, ಎಚ್ಎಂಟಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ನನಗೆ ನಗು ಬಂತು, ಪಾಪ ಅನ್ನಿಸಿತು, ನಿಜ ಹೇಳಬೇಕೆಂದರೆ ಒಂದು ಸಲ ನನ್ನ ಕೈಗೂ ಕಟ್ಟಿಕೊಂಡು ನೋಡುವ ಆಸೆಯೂ ಆಯಿತು. ಕೇಳಿದೆ. ಕೊಡಲಿಲ್ಲ.

ಈ ಸುಖ ಹೆಚ್ಚು ದಿನ ನಡೆಯಲಿಲ್ಲ. ಬಸವರಾಜ್ ಪಾಪದವನು. ಭಾವನಿಗೆ ಸುಮ್ಮನೆ ತೊಂದರೆ ಕೊಡುತ್ತಿದ್ದೇನೆ ಅಂತ ಅವನ ಮನಸ್ಸಿಗೆ ಬಂದು, ಅಂಗಡಿಯ ಪಕ್ಕದ ಕ್ಲಿನಿಕ್ಕಿಗೆ ಫೋನ್ ಮಾಡಿ ಕರೆಸಿಕೊಂಡು ಹೇಳಿದನಂತೆ, "ಅಣ್ಣ, ನಿಮ್ ಕೈಲಿ ಆಗ್ದಿದ್ರೆ ಬುಡಿ. ಮಂಡಿಪೇಟೇಲಿ ಹಬೀಬ್ ಸಾಬ್ ಅವ್ರಂತೆ, ಎಂಥಾ ವಾಚಾದ್ರೂ ಬಿಚ್ತಾರಂತೆ. ಅವ್ರಿಗೆ ಕೊಡ್ತೀನಿ."

ಹಬೀಬ್ ಸಾಬರ ಹೆಸರು ಎತ್ತಬಾರದಿತ್ತು. ಅವರೂ ಭಾವನೂ ಒಂದೇ ವರ್ಷ ಅಂಗಡಿ ತೆರೆದವರು. ಹಬ್ಬ ಹರಿದಿನಕ್ಕೆ ಒಬ್ಬರಿಗೊಬ್ಬರು ಸಿಹಿ ಕಳಿಸುತ್ತಾರೆ, ಎದುರು ಸಿಕ್ಕರೆ ಕೈ ಹಿಡಿದು ಮಾತಾಡಿಸುತ್ತಾರೆ. ಆದರೆ ಷಡಕ್ಷರಿಯ ಕೈಲಿ ಆಗದ್ದನ್ನು ಹಬೀಬ್ ಸಾಬ್ ಮಾಡಿದರು ಎನ್ನುವ ಮಾತು ಪೇಟೆಯಲ್ಲಿ ಹುಟ್ಟುವುದನ್ನು ಭಾವ ಈ ಜನ್ಮದಲ್ಲಿ ಸಹಿಸುವವರಲ್ಲ. ಒಂದು ಕಡೆ ಷಡ್ಡಕನ ಮೇಲಿನ ಹೊಟ್ಟೆಕಿಚ್ಚು ವಾಚನ್ನು ಕೊಡಬೇಡ ಅನ್ನುತ್ತಿತ್ತು. ಇನ್ನೊಂದು ಕಡೆ ಹಬೀಬ್ ಸಾಬರ ಮೇಲಿನ ಹೊಟ್ಟೆಕಿಚ್ಚು ಬಿಚ್ಚಿದ್ದೇನೆ ಅಂತ ಡಂಗುರ ಹೊಡೆ ಅನ್ನುತ್ತಿತ್ತು. ವಾಚು ಇಟ್ಟುಕೊಂಡರೆ ಹೆಸರು ಹೋಗುತ್ತದೆ, ಹೆಸರು ಉಳಿಸಿಕೊಂಡರೆ ವಾಚು ಹೋಗುತ್ತದೆ. ಭಾವ ಊಟ ನಿದ್ದೆ ಬಿಟ್ಟರು. ಅಕ್ಕ ನನಗೆ ಫೋನ್ ಮಾಡಿ, "ನಿಮ್ ಭಾವಂಗೆ ಏನಾಗೈತೋ ನೋಡ್ಬಾರೋ" ಅಂದಳು. ನಾನು ಹೋಗುವಷ್ಟರಲ್ಲಿ ಹೆಸರೇ ಗೆದ್ದಿತ್ತು.

"ದೀಪಾವಳಿಗೆ ಗುಬ್ಬೀಲಿ ಕೊಡ್ತೀನಿ. ಎಲ್ಲಾರ್ ಎದುರ್ಗೇ ಬಿಚ್ಚಿ ತೋರಿಸ್ತೀನಿ" ಅಂದರು.

ದೀಪಾವಳಿಗೆ ನಮ್ಮಲ್ಲಿ ಅಳಿಯಂದಿರು ಬರಲೇಬೇಕು. ಎಣ್ಣೆಸ್ನಾನ, ಹೊಸ ಬಟ್ಟೆ, ನಮ್ಮಮ್ಮ ಶಕುಂತಲಮ್ಮನ ಹೋಳಿಗೆ. ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತಿದ್ದೆವು. ಬಸವರಾಜ್ ಹೊಸದಾಗಿ ಮೊಬೈಲ್ ತಗೊಂಡಿದ್ದ, ಅದನ್ನು ಅಪ್ಪನಿಗೆ ತೋರಿಸುತ್ತಿದ್ದ. ಭಾವ ಗಂಟಲು ಸರಿ ಮಾಡಿಕೊಂಡು, ಜೇಬಿನಿಂದ ವಾಚು ತೆಗೆದರು. ಜಾಮ್ ಯಾಕಾಯಿತು, ವಿಭೂತಿ ಹೇಗೆ ಸೇರಿತು, ಬೇರೆಯವರು ಇಕ್ಕಳ ಹಾಕಿದ್ದರೆ ಏನಾಗುತ್ತಿತ್ತು, ಎಲ್ಲವನ್ನೂ ವಿವರಿಸಿದರು. ಭೂಮಿಕಾ ನಾಚಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಭಾವ ಎರಡೇ ಬೆರಳಲ್ಲಿ ಕ್ರೌನನ್ನು ತಿರುಗಿಸಿದರು. ಸಲೀಸಾಗಿ ಬಿಚ್ಚಿಕೊಂಡಿತು.

"ನಮ್ ಅಳಿಯಂದ್ರು ಅಂದ್ರೆ ಸುಮ್ನೇನಾ" ಅಂದರು ಅಪ್ಪ. ಅಷ್ಟು ವರ್ಷ ಕಾದಿದ್ದ ಮಾತು. ಭಾವನ ಎದೆ ಉಬ್ಬಿತು. ಆ ಜೋರಿನಲ್ಲೇ, "ಕೊಡಿ ಇಲ್ಲಿ ಕೈನ" ಅಂತ ಬಸವರಾಜ್‌ನ ಕೈ ಎಳೆದು ತಾವೇ ವಾಚು ಕಟ್ಟಿದರು.

ಬಸವರಾಜ್ ಕೈ ಎತ್ತಿದ. ವಾಚು ಮಣಿಕಟ್ಟಿನಿಂದ ಜಾರಿ ಮೊಣಕೈ ಕಡೆಗೆ ಇಳಿಯಿತು.

ಅವನು ಸಣಕಲು, ಭಾವ ದಪ್ಪ. ತಮ್ಮ ಕೈಗೆ ಹಿಡಿಸಲಿ ಅಂತ ಭಾವ ಚೈನಿಗೆ ಕೊಂಡಿ ಸೇರಿಸಿದ್ದರು, ವಾಪಸ್ ತೆಗೆಯುವುದನ್ನು ಮರೆತಿದ್ದರು. ಅಪ್ಪ ವಾಚನ್ನು ನೋಡಿದರು, ಆಮೇಲೆ ಭಾವನ ಕೈ ನೋಡಿದರು. ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಭಾವನ ಕಿವಿ ಕೆಂಪಗಾಗಿತ್ತು.

ಬಸವರಾಜ್ ನಿಧಾನವಾಗಿ ವಾಚು ಬಿಚ್ಚಿದ. ಒಂದಿಷ್ಟೂ ಕೊಂಕಿಲ್ಲದೆ ಹೇಳಿದ, "ಇಟ್ಕೊಳಿ ಅಣ್ಣ, ನಿಮಗೇ ಒಪ್ಪುತ್ತೆ. ನಂಗೇನು, ಟೈಮ್ ಈಗ ಇದ್ರಲ್ಲೇ ಕಾಣುತ್ತೆ." ಮೊಬೈಲ್ ತೋರಿಸಿದ. "ಈ ತಿಂಗ್ಳೆಲ್ಲ ವಾಚಿಲ್ಲ ಅಂತ ನಂಗೆ ನೆಪ್ಪೇ ಆಗ್ಲಿಲ್ಲ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಬೈದಿದ್ದರೆ ಭಾವ ತಡೆದುಕೊಳ್ಳುತ್ತಿದ್ದರು. ಅಷ್ಟು ವರ್ಷ ಯಾವ ವಾಚಿಗಾಗಿ ಉರಿದುಕೊಂಡಿದ್ದರೋ ಅದು ಕೈಯಲ್ಲಿ ಇಲ್ಲದ್ದು ಇವನಿಗೆ ನೆನಪೇ ಆಗಿರಲಿಲ್ಲ. ಭಾವ ಆ ಮೊಬೈಲನ್ನು ನೋಡಿದರು, ವಾಚನ್ನು ನೋಡಿದರು.

"ಬ್ಯಾಡ" ಅಂದರು. "ನೀವೇ ಕಟ್ಕೋಬೇಕು. ನೀವು ಕಟ್ಕೊಳ್ದಿದ್ರೆ ನಾನ್ ಯಾವುದ್ಕೆ ಹೊಟ್ಟೆ ಉರ್ಕೊಂಡೆ ಇಷ್ಟ್ ವರ್ಷ?"

ಯಾರೂ ನಗಲಿಲ್ಲ. ಬಸವರಾಜ್ ಮೊಬೈಲನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಎಡಗೈ ಮುಂದೆ ಚಾಚಿದ. ಭಾವ ಚಾಪೆಯ ಮೇಲೇ ವಾಚು ಮಗುಚಿ ಹಾಕಿಕೊಂಡು, ನಮ್ಮಮ್ಮನ ಹತ್ತಿರ ಒಂದು ಸೂಜಿ ಇಸಿದುಕೊಂಡು, ಕೊಂಡಿ ತೆಗೆದು ಚೈನು ಕೂಡಿಸಿದರು. ಕಣ್ಣು ಮಂಜಾಗಿ ಸೂಜಿ ಎರಡು ಸಲ ತಪ್ಪಿತು. ಆಮೇಲೆ ಅದನ್ನು ಷಡ್ಡಕನ ಕೈಗೆ ಕಟ್ಟಿ, ಜಾರುತ್ತದೋ ಅಂತ ಎಳೆದು ನೋಡಿ, "ದಿನಾ ಕಟ್ಕೊಳಿ" ಅಂದರು.

"ಕಟ್ಕೋತೀನಿ ಅಣ್ಣ" ಅಂದ ಬಸವರಾಜ್.

ಅಮ್ಮ ಎಲೆ ಹಾಕಿದಳು. ಭಾವ ಬಸವರಾಜ್‌ನ ಎದುರಿಗೇ ಕೂತರು, ವಾಚು ಕಾಣುವ ಕಡೆಗೆ.